ಗ್ರಹಾಂತರ ಖನನಪರೀಕ್ಷೆಗಳಲ್ಲಿ ಸಾದೃಶ್ಯವಿಚಾರ

ಅನ್ಯಗ್ರಹಗಳ ನೆಲವನ್ನು ಕೊರೆಯತಕ್ಕ ಯಂತ್ರಗಳನ್ನು ಮೊದಲು ಭೂಮಿಯ ಮರುಭೂಮಿಗಳಲ್ಲಿ ಪರೀಕ್ಷಿಸುವ ಪದ್ಧತಿಯು ಸುಮಾರು ಎರಡು ದಶಕಗಳಿಂದ ರೂಢಿಗೆ ಬಂದಿದೆ. ಚಿಲಿ ದೇಶದ ಅಟಕಾಮ, ಕೆನಡಾ ದೇಶದ ಉತ್ತರದ ಡೆವನ್ ದ್ವೀಪ, ಅಂಟಾರ್ಕ್ಟಿಕ ಖಂಡದ ಒಣಕಣಿವೆಗಳು, ಈ ಮೂರು ಸ್ಥಳಗಳ ಹೆಸರು ಇಂಥ ಪರೀಕ್ಷೆಗಳ ವರದಿಗಳಲ್ಲಿ ಮತ್ತೆ ಮತ್ತೆ ಬರುವುದು. ಇವುಗಳಲ್ಲಿ ಮೊದಲನೆಯದು ಮಳೆಯಿಲ್ಲದ ಮರುಭೂಮಿ. ಉಳಿದೆರಡು ಶೀತದಿಂದ ಒಣಗಿದ ಧ್ರುವಮರುಭೂಮಿಗಳು. ಈ ಸ್ಥಳಗಳೆಲ್ಲವನ್ನೂ "ಮಂಗಳಸದೃಶ"ವೆಂಬ ಒಂದೇ ಮಾತಿನಿಂದ ವರ್ಣಿಸುವುದು ವಾಡಿಕೆಯಾಗಿದೆ. ಆ ಮಾತಿಗೆ ಅರ್ಥವೆಷ್ಟು, ಅದರ ಮೇಲೆ ಎಷ್ಟು ಭಾರವನ್ನು ಹೊರಿಸಬಹುದು ಎಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೊರೆಯಬೇಕಾದ ಅಗತ್ಯವೇನೆಂಬುದನ್ನು ಮೊದಲು ತಿಳಿಯಬೇಕು. ಮಂಗಳಗ್ರಹಕ್ಕೆ ಭೂಮಿಗಿರುವಂಥ ಗ್ರಹವ್ಯಾಪಿಯಾದ ಕಾಂತಕ್ಷೇತ್ರವಿಲ್ಲ. ಅದರ ವಾಯುಮಂಡಲದ ಒತ್ತಡವು ಇಲ್ಲಿಯ ಒತ್ತಡದ ನೂರರಲ್ಲೊಂದು ಪಾಲಿಗಿಂತಲೂ ಕಡಮೆ. ಆದುದರಿಂದ ವಿಶ್ವಕಿರಣಗಳು ಹೆಚ್ಚು ತಡೆಯಿಲ್ಲದೆ ನೆಲವನ್ನು ಮುಟ್ಟಿ, ಮೇಲ್ಪದರದಲ್ಲಿರಬಹುದಾದ ಸಾವಯವ ದ್ರವ್ಯಗಳನ್ನು ಕಾಲಕ್ರಮದಲ್ಲಿ ಒಡೆದುಹಾಕುವುವು. ಹಿಂದೊಮ್ಮೆ ಅಲ್ಲಿ ಜೀವವಿದ್ದಿತೆಂದಾದರೆ, ಅದರ ಕುರುಹು ಉಳಿದಿರುವ ಸಂಭವವು ಮೇಲ್ಮೈಗಿಂತ ಆಳದಲ್ಲಿಯೇ ಹೆಚ್ಚು. ಕ್ಯೂರಿಯಾಸಿಟಿ ಎಂಬ ಸಂಚಾರಿಯಂತ್ರವು ೨೦೧೩ರ ಫೆಬ್ರವರಿಯಲ್ಲಿ ಮಂಗಳದ ಬಂಡೆಯನ್ನು ಮೊತ್ತಮೊದಲು ಕೊರೆದಾಗ ರಂಧ್ರದ ಆಳವು ಸುಮಾರು ೬ ಸೆಂಟಿಮೀಟರು ಮಾತ್ರ ಇದ್ದಿತು. ಯೂರೋಪಿನ ಬಾಹ್ಯಾಕಾಶಸಂಸ್ಥೆಯು ೨೦೨೮ರಲ್ಲಿ ಕಳುಹಿಸಲು ಉದ್ದೇಶಿಸಿರುವ ರೋಸಲಿಂಡ್ ಫ್ರಾಂಕ್ಲಿನ್ ಎಂಬ ಯಂತ್ರವಾದರೋ ೨ ಮೀಟರು ಆಳದಿಂದ ಮಾದರಿಯನ್ನು ತೆಗೆಯುವ ಬೈರಿಗೆಯನ್ನು ಹೊತ್ತಿರುವುದು. ಈ ಎರಡು ಆಳಗಳ ನಡುವಣ ಅಂತರವನ್ನು ದಾಟುವುದೇ ಮರುಭೂಮಿಯ ಪರೀಕ್ಷೆಗಳೆಲ್ಲಕ್ಕೂ ಮೂಲವಾದ ಪ್ರಯೋಜನ.

ಎರಡು ಮೀಟರು ಕೊರೆಯುವುದು ಅಲ್ಪಕಾರ್ಯವೆಂದು ತೋರಬಹುದು. ಕರ್ಣಾಟಕದ ಬಯಲುಸೀಮೆಯಲ್ಲಿ ಕೊಳವೆಬಾವಿ ಕೊರೆಯುವುದನ್ನು ಕಂಡವರು ಇದರ ನೂರ್ಮಡಿ ಆಳವನ್ನು ಕಂಡಿರುವರು. ಆದರೆ ಅಲ್ಲಿ ಲಾರಿಯ ಮೇಲಿನ ಯಂತ್ರದ ಭಾರವೂ ಬಲವೂ ಕಲ್ಲನ್ನು ಪುಡಿಮಾಡುತ್ತವೆ. ಒತ್ತಿ ತುಂಬಿದ ಗಾಳಿಯು ಆ ಪುಡಿಯನ್ನು ಮೇಲಕ್ಕೆ ಊದಿ ಚೆಲ್ಲುತ್ತದೆ. ಪುಡಿಯು ಹೊರಬರದಿದ್ದರೆ ಬೈರಿಗೆಯು ತಾನು ಮಾಡಿದ ಪುಡಿಯಲ್ಲಿಯೇ ಸಿಕ್ಕಿಬೀಳುವುದು. ಮಂಗಳದಲ್ಲಿ ಈ ಎರಡು ಅನುಕೂಲಗಳೂ ಇಲ್ಲ. ಅಲ್ಲಿಯ ಗುರುತ್ವಾಕರ್ಷಣವು ಭೂಮಿಯದರ ನೂರಕ್ಕೆ ೩೮ ಪಾಲು. ಹಗುರವಾದ ಯಂತ್ರವು ಹೆಚ್ಚು ಒತ್ತಿದರೆ ನೆಲ ಕೊರೆಯುವ ಬದಲು ತಾನೇ ಮೇಲಕ್ಕೆ ಏಳುವುದು. ಮಂಗಳಕ್ಕಾಗಿ ರಚಿತವಾದ ಐಸ್‌ಬ್ರೇಕರ್ ಎಂಬ ಬೈರಿಗೆಯ ಗುರಿಯನ್ನು ಅದರ ರಚನಾಕಾರರು ಹೀಗೆ ನಿಗದಿಮಾಡಿದ್ದರು: ಒಂದು ಗಂಟೆಯಲ್ಲಿ ಒಂದು ಮೀಟರು ಆಳ, ೧೦೦ ವಾಟ್ ಶಕ್ತಿ, ೧೦೦ ನ್ಯೂಟನ್ ಒತ್ತು. ಈ ಒತ್ತು ಇಲ್ಲಿಯ ಸುಮಾರು ೧೦ ಕಿಲೋಗ್ರಾಂ ತೂಕಕ್ಕೆ ಸಮ. ಇದಲ್ಲದೆ, ಭೂಮಿಯಿಂದ ಹೊರಟ ಆಜ್ಞೆಯು ಮಂಗಳವನ್ನು ಮುಟ್ಟಲು ಗ್ರಹಗಳ ದೂರಕ್ಕನುಗುಣವಾಗಿ ೩ರಿಂದ ೨೨ ನಿಮಿಷಗಳವರೆಗೆ ಹಿಡಿಯುವುದು. ಬೈರಿಗೆ ಸಿಕ್ಕಿಕೊಂಡಿತೆಂಬ ಸುದ್ದಿ ಇಲ್ಲಿಗೆ ಬಂದು, ಬಿಡಿಸುವ ಉಪಾಯ ಅಲ್ಲಿಗೆ ಹೋಗುವಷ್ಟರಲ್ಲಿ ಕಾರ್ಯವು ಕೆಟ್ಟಿರುವುದು.

ಇಂಥ ಯಂತ್ರವನ್ನು ಪರೀಕ್ಷಿಸದೆ ಕಳುಹಿಸಕೂಡದೆಂಬುದು ನಿರ್ವಿವಾದ. ಎಲ್ಲಿ ಪರೀಕ್ಷಿಸಬೇಕೆಂಬಲ್ಲಿ ಸಾದೃಶ್ಯದ ಪ್ರಶ್ನೆ ಏಳುವುದು. ಸಾದೃಶ್ಯದ ವಿಷಯದಲ್ಲಿ ನಮ್ಮ ಆಲಂಕಾರಿಕರು ಮಾಡಿರುವ ವಿವೇಚನೆಯು ಇಲ್ಲಿ ಬಹಳ ಉಪಯುಕ್ತವಾಗಿದೆ. ಅವರ ಮತದಲ್ಲಿ ಉಪಮೆಗೆ ನಾಲ್ಕು ಅಂಗಗಳು: ಉಪಮೇಯ, ಉಪಮಾನ, ಇವೆರಡಕ್ಕೂ ಸಮಾನವಾದ ಸಾಧಾರಣಧರ್ಮ, ಮತ್ತು "ಅಂತೆ", "ವೋಲ್" ಮೊದಲಾದ ವಾಚಕಪದ. ನಾಲ್ಕೂ ಇದ್ದರೆ ಪೂರ್ಣೋಪಮೆ. ಯಾವುದಾದರೊಂದು ಅಂಗ ಬಿಟ್ಟುಹೋದರೆ ಲುಪ್ತೋಪಮೆ. ಉಪಮಾನ ಉಪಮೇಯಗಳಿಗೆ ಭೇದವೇ ಇಲ್ಲವೆಂದು ಹೇಳಿದರೆ ಅದು ರೂಪಕ. "ಅಟಕಾಮವು ಮಂಗಳದಂತಿದೆ" ಎಂಬ ವಾಕ್ಯದಲ್ಲಿ ಉಪಮೇಯವುಂಟು, ಉಪಮಾನವುಂಟು, ವಾಚಕವೂ ಉಂಟು. ಯಾವ ಗುಣದಲ್ಲಿ ಹಾಗಿದೆ ಎಂಬ ಧರ್ಮವು ಮಾತ್ರ ಲುಪ್ತವಾಗಿದೆ. ಕಾವ್ಯದಲ್ಲಿ ಇಂಥ ಲೋಪವು ಸೊಗಸಾಗಬಹುದು, ಸಹೃದಯನು ಧರ್ಮವನ್ನು ತಾನೇ ತುಂಬಿಕೊಳ್ಳುವನು. ಶಾಸ್ತ್ರದಲ್ಲಿ ಆ ಲೋಪವೇ ಅನರ್ಥಕ್ಕೆ ಬೀಜ. ಏಕೆಂದರೆ ಓದುವವನು ತನಗೆ ಬೇಕಾದ ಧರ್ಮವನ್ನೆಲ್ಲ ಅಲ್ಲಿ ತುಂಬಿ, ಉಪಮೆಯನ್ನು ರೂಪಕವನ್ನಾಗಿ ಮಾಡಿಬಿಡುವನು: ಅಟಕಾಮದಲ್ಲಿ ಗೆದ್ದ ಬೈರಿಗೆ ಮಂಗಳದಲ್ಲಿಯೂ ಗೆಲ್ಲುವುದೆಂದು ನಂಬುವನು.

ಅಟಕಾಮಕ್ಕೂ ಮಂಗಳಕ್ಕೂ ನಿಜವಾದ ಸಾಧಾರಣಧರ್ಮಗಳಿಲ್ಲವೆಂದು ಇದರಿಂದ ತಿಳಿಯಬಾರದು. ೨೦೦೩ರಲ್ಲಿ ರಫಾಯೆಲ್ ನವಾರೋ-ಗೊನ್ಸಾಲೆಸ್ ಮತ್ತು ಅವರ ಸಂಗಡಿಗರು ಅಟಕಾಮದ ಯುಂಗಾಯ್ ಪ್ರದೇಶದ ಮಣ್ಣನ್ನು ಪರೀಕ್ಷಿಸಿ "ಸಯನ್ಸ್" ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಪ್ರಮಾಣಭೂತವಾದುದು. ಆ ಮಣ್ಣಿನಲ್ಲಿ ಸಾವಯವ ದ್ರವ್ಯವು ಅತ್ಯಲ್ಪ. ಪ್ರಯೋಗಶಾಲೆಯಲ್ಲಿ ಬೆಳೆಸಬಹುದಾದ ಸೂಕ್ಷ್ಮಜೀವಿಗಳು ಹೆಚ್ಚುಕಡಮೆ ಇಲ್ಲವೆಂದೇ ಹೇಳಬೇಕು. ಸೇರಿಸಿದ ಪೋಷಕದ್ರವ್ಯಗಳನ್ನು ಜೀವಿಗಳ ಸಹಾಯವಿಲ್ಲದೆಯೇ ಮಣ್ಣು ಒಡೆಯಿತು. ೧೯೭೬ರಲ್ಲಿ ಮಂಗಳದಲ್ಲಿ ಇಳಿದ ವೈಕಿಂಗ್ ಯಂತ್ರಗಳು ಯುಂಗಾಯಿಯಲ್ಲಿ ಇಳಿದಿದ್ದರೆ ಇಲ್ಲಿಯೂ ಜೀವವಿಲ್ಲವೆಂದೇ ಹೇಳಿ ಹೋಗುತ್ತಿದ್ದುವೆಂಬುದು ಆ ಲೇಖನದ ತಾತ್ಪರ್ಯ. ೨೦೦೮ರಲ್ಲಿ ಫೀನಿಕ್ಸ್ ಯಂತ್ರವು ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣವನ್ನು ಕಂಡಿತು. ಅದೇ ಲವಣವು ಅಟಕಾಮದಲ್ಲಿ ಸಹಜವಾಗಿ ದೊರೆಯುವುದು. ಒಣತನ, ಲವಣ, ಜೀವದ ವಿರಳತೆ, ಈ ಮೂರರಲ್ಲಿ ಉಪಮೆಯು ಪೂರ್ಣವಾಗಿದೆ. ಅಂಟಾರ್ಕ್ಟಿಕದ ಯೂನಿವರ್ಸಿಟಿ ಕಣಿವೆಯಲ್ಲಿ ಒಣಮಣ್ಣಿನ ಕೆಳಗೆ ಮಂಜುಗಡ್ಡೆಯಿಂದ ಬೆಸೆದ ನೆಲವಿದೆ. ಫೀನಿಕ್ಸ್ ಇಳಿದ ಸ್ಥಳದಲ್ಲಿಯೂ ಇಂಥದೇ ಪದರಗಳು. ಅಲ್ಲಿಯ ಸಾಧಾರಣಧರ್ಮವು ಪದರಗಳ ಜೋಡಣೆ. ಹೀಗೆ ಹೆಸರಿಸಿ ಹೇಳಿದ ಸಾದೃಶ್ಯಕ್ಕೆ ಯಾರೂ ಆಕ್ಷೇಪವೆತ್ತಲಾರರು.

ಆದರೆ ಕೊರೆಯುವ ಕ್ರಿಯೆಗೆ ಮುಖ್ಯವಾದ ಧರ್ಮಗಳು ಬೇರೆ. ಅವು ನೆಲದ ಬಿಗಿ, ಪುಡಿಯ ನಡತೆ, ವಾಯುವಿನ ಒತ್ತಡ, ಗುರುತ್ವಾಕರ್ಷಣ. ಇವುಗಳಲ್ಲಿ ಕೊನೆಯ ಎರಡನ್ನು ಭೂಮಿಯ ಯಾವ ಮರುಭೂಮಿಯೂ ಕೊಡಲಾರದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಕ್ರಿಸ್ ಝ್ಯಾಕ್ನಿ ಮೊದಲಾದವರು ಮಂಗಳದಷ್ಟೇ ಒತ್ತಡವಿರುವ ಕೋಷ್ಠದಲ್ಲಿ ಹಿಮಗಟ್ಟಿದ ಕಲ್ಲನ್ನು ಕೊರೆದು, ೨೦೦೪ರಲ್ಲಿ ಒಂದು ಅನಿರೀಕ್ಷಿತ ಫಲವನ್ನು ಪ್ರಕಟಿಸಿದರು. ಬೈರಿಗೆಯ ಬಿಸಿಯಿಂದ ಮಂಜುಗಡ್ಡೆಯು ನೀರಾಗದೆ ನೇರವಾಗಿ ಆವಿಯಾಯಿತು. ಆ ಆವಿಯು ರಂಧ್ರದಿಂದ ಹೊರನುಗ್ಗುವಾಗ ಪುಡಿಯನ್ನೂ ಊದಿಕೊಂಡು ಬಂದಿತು. ಭೂಮಿಯ ಒತ್ತಡದಲ್ಲಿಯಾದರೋ ಮಂಜು ಕರಗಿ ನೀರಾಗಿ, ಪುಡಿಯೊಡನೆ ಕೆಸರಾಗಿ, ಮತ್ತೆ ಹೆಪ್ಪುಗಟ್ಟಿದರೆ ಬೈರಿಗೆಯನ್ನೇ ಕಚ್ಚಿಹಿಡಿಯುವುದು. ಈ ಅಂಶದಲ್ಲಿ ಧ್ರುವಮರುಭೂಮಿಯು ಮಂಗಳಕ್ಕಿಂತ ಕಠಿನವಾದ ಪರೀಕ್ಷಕ. ಗುರುತ್ವಾಕರ್ಷಣದ ವಿಷಯದಲ್ಲಿ ಸ್ಥಿತಿಯು ವಿಪರೀತ: ಇಲ್ಲಿ ತನ್ನ ತೂಕದಿಂದ ನೆಲಕ್ಕೆ ಕಚ್ಚಿ ನಿಂತ ಯಂತ್ರವು ಅಲ್ಲಿ ಹಾಗೆ ನಿಲ್ಲಲಾರದು; ಅಲ್ಲಿ ಮರುಭೂಮಿಯೇ ಸುಲಭ. ಒಂದೇ ಸ್ಥಳವು ಒಂದು ಧರ್ಮದಲ್ಲಿ ಕಠಿನ, ಇನ್ನೊಂದರಲ್ಲಿ ಸುಲಭವಾಗಿರುವಾಗ, ಅಲ್ಲಿ ತಲಪಿದ ಆಳವನ್ನು ಮೀಟರುಗಳಲ್ಲಿ ಹೇಳಿದ ಮಾತ್ರಕ್ಕೆ ಮಂಗಳದ ವಿಷಯವಾಗಿ ಏನೂ ಸಿದ್ಧವಾಗುವುದಿಲ್ಲ.

ಧರ್ಮವನ್ನು ಹೆಸರಿಸದ ಸಾದೃಶ್ಯದ ಮೇಲೆ ಭಾರ ಹೊರಿಸಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನಗಳುಂಟು. ಇವು ಮರುಭೂಮಿಯ ಪರೀಕ್ಷೆಗಳ ಕಥೆಗಳಲ್ಲ. ಭೂಮಿಯ ಮಣ್ಣನ್ನು ಅನ್ಯಲೋಕದ ಮಣ್ಣಿಗೆ ಪ್ರತಿನಿಧಿಯಾಗಿ ತೆಗೆದುಕೊಂಡ ಸಂದರ್ಭಗಳು. ೧೯೭೧ರಲ್ಲಿ ಅಪೊಲೊ ೧೫ರ ಡೇವಿಡ್ ಸ್ಕಾಟ್ ಅವರು ಚಂದ್ರನ ನೆಲದ ಉಷ್ಣಪ್ರವಾಹವನ್ನು ಅಳೆಯಲು ಸುಮಾರು ೩ ಮೀಟರಿನ ರಂಧ್ರಗಳನ್ನು ಕೊರೆಯಬೇಕಾಗಿದ್ದಿತು. ಅದರ ಅರ್ಧದಷ್ಟಾಗುವಲ್ಲಿ ಬೈರಿಗೆಯು ಬಿಗಿದು ನಿಂತಿತು. ನಿರೀಕ್ಷೆಗಿಂತ ಒತ್ತಾಗಿದ್ದ ನೆಲದಲ್ಲಿ ಪುಡಿಯು ಮೇಲೇರಬೇಕಾಗಿತ್ತು; ದಂಡದ ತುಂಡುಗಳು ಕೂಡುವ ಕಡೆ ಸುರುಳಿಯ ಏಣುಗಳು ತಪ್ಪಿದ್ದುದರಿಂದ ಪುಡಿಯು ಅಲ್ಲಿಯೇ ತಡೆಯಿತು. ಸುಮಾರು ೨.೪ ಮೀಟರಿನ ಮಣ್ಣಿನ ಕಂಬವನ್ನು ಹೊತ್ತ ಕೊಳವೆಯನ್ನು ಹೊರಗೆ ಕೀಳಲು ಇಬ್ಬರು ಯಾತ್ರಿಕರೂ ಸೇರಿ ಹೆಣಗಬೇಕಾಯಿತು. ಆ ಕೂಡುಗಳನ್ನು ತಿದ್ದಿದ ಮೇಲೆ ೧೯೭೨ರ ಯಾತ್ರೆಗಳಲ್ಲಿ ಕೆಲಸವು ಸುಗಮವಾಯಿತು.

ಇದಕ್ಕಿಂತ ಶೋಚನೀಯವಾದುದು ಇನ್‌ಸೈಟ್ ಯಂತ್ರದೊಡನೆ ಮಂಗಳಕ್ಕೆ ಹೋದ ಜರ್ಮನರ ಉಷ್ಣಮಾಪಕದ ಕಥೆ. "ಹೆಗ್ಗಣ"ವೆಂಬ ಅರ್ಥದ ಅಡ್ಡಹೆಸರನ್ನು ಪಡೆದ ೪೦ ಸೆಂಟಿಮೀಟರು ಉದ್ದದ ಆ ಮೊಳೆಯು ತನ್ನೊಳಗಣ ಸುತ್ತಿಗೆಯಿಂದ ತನ್ನನ್ನೇ ಬಡಿದುಕೊಂಡು ೫ ಮೀಟರಿನವರೆಗೆ ಇಳಿಯಬೇಕಾಗಿದ್ದಿತು. ಪ್ರತಿಯೊಂದು ಪೆಟ್ಟಿನ ಪ್ರತಿಘಾತವನ್ನು ಸುತ್ತಲ ಮಣ್ಣಿನ ಘರ್ಷಣೆಯು ತಾಳಿಕೊಳ್ಳುವುದೆಂದು ಅದರ ರಚನೆಯಲ್ಲಿ ಭಾವಿಸಲಾಗಿದ್ದಿತು. ಭೂಮಿಯ ಪ್ರಯೋಗಶಾಲೆಗಳ ಮರಳಿನಲ್ಲಿ ಹಾಗೆಯೇ ಆಗಿಯೂ ಇದ್ದಿತು. ಮಂಗಳದ ಮಣ್ಣಾದರೋ ಹೆಪ್ಪಳಿಕೆಯಂತೆ ಅಂಟಿಕೊಂಡು, ಮೊಳೆಯ ಸುತ್ತಲೂ ಕುಸಿದು ಬೀಳದೆ, ಗುಣಿಯಾಗಿ ನಿಂತಿತು. ೨೦೧೯ರ ಫೆಬ್ರವರಿ ೨೮ರಂದು ಆರಂಭವಾದ ಪ್ರಯತ್ನವು, ಯಂತ್ರದ ತೋಳಿನಿಂದ ಒತ್ತಿ ನೋಡಿದ ಮೇಲೆಯೂ ಫಲಿಸದೆ, ೨೦೨೧ರ ಜನವರಿಯಲ್ಲಿ ಮುಗಿಯಿತು. ಆಗ ಮೊಳೆಯ ತಲೆಯು ನೆಲದಿಂದ ಎರಡು ಮೂರು ಸೆಂಟಿಮೀಟರು ಮಾತ್ರ ಕೆಳಗಿದ್ದಿತು. ಅದೇ ವರ್ಷದ ಆಗಸ್ಟ್ ೬ರಂದು ಪರ್ಸಿವಿಯರೆನ್ಸ್ ಯಂತ್ರವು ತನ್ನ ಮೊದಲ ಬಂಡೆಯನ್ನು ವಿಧಿವತ್ತಾಗಿ ಕೊರೆಯಿತು, ಆದರೆ ಕೊಳವೆಯು ಬರಿದಾಗಿಯೇ ಉಳಿಯಿತು. ಬಂಡೆಯು ಗಟ್ಟಿಯಾದ ಕಂಬವಾಗಿ ನಿಲ್ಲದೆ ಪುಡಿಪುಡಿಯಾಗಿದ್ದಿತು. ಬೇರೊಂದು ಬಂಡೆಯಲ್ಲಿ ಸೆಪ್ಟೆಂಬರಿನಲ್ಲಿ ಕಾರ್ಯವು ಸಿದ್ಧಿಸಿತು. ಈ ಮೂರು ಪ್ರಸಂಗಗಳಲ್ಲಿಯೂ ಯಂತ್ರವು ಹೇಳಿದಂತೆಯೇ ನಡೆಯಿತು. ಎಡವಿದುದು ನೆಲದ ಬಿಗಿ ಅಂಟುಗಳ ವಿಷಯದಲ್ಲಿ ಮಾಡಿಕೊಂಡ ಕಲ್ಪನೆ.

ಹಾಗಾದರೆ ಮರುಭೂಮಿಯ ಪರೀಕ್ಷೆಗಳು ನಿಷ್ಪ್ರಯೋಜಕವೇ? ಹಾಗೆನ್ನುವುದು ಅವಿಚಾರವಾದೀತು. ಅವು ಏನನ್ನು ಕಲಿಸಿವೆಯೆಂಬುದನ್ನು ನೋಡಿದರೆ, ಹೆಸರಿಗಿಂತ ಫಲವೇ ಹಿರಿದೆಂದು ತೋರುವುದು. ಡೆವನ್ ದ್ವೀಪದಲ್ಲಿ ಉಲ್ಕಾಪಾತದಿಂದಾದ ಹಾಟನ್ ಕುಳಿಯಲ್ಲಿ ೨೦೦೪ರಿಂದ ೨೦೦೬ರವರೆಗೆ ನಾಸಾ ಸಂಸ್ಥೆಯ ಬ್ರಯನ್ ಗ್ಲಾಸ್ ಮತ್ತು ಸಂಗಡಿಗರು ನಡೆಯಿಸಿದ ಪರೀಕ್ಷೆಗಳ ಗುರಿಯು ಆಳವಾಗಿರಲಿಲ್ಲ. ಬೈರಿಗೆಯು ಪುಡಿಯಿಂದ ಕಟ್ಟಿಕೊಳ್ಳುವುದು, ತುದಿ ಸಿಕ್ಕಿಕೊಳ್ಳುವುದು, ದಂಡವು ಗೋಡೆಗೆ ಉಜ್ಜಿ ಬಿಗಿಯುವುದು, ಗಟ್ಟಿಕಲ್ಲು ಅಡ್ಡಬರುವುದು ಮೊದಲಾದ ಆರು ಬಗೆಯ ದೋಷಗಳನ್ನು ಯಂತ್ರವು ತನ್ನ ಕಂಪನದಿಂದಲೂ ಚಾಲಕಶಕ್ತಿಯ ಏರಿಳಿತದಿಂದಲೂ ತಾನೇ ಗುರುತಿಸಿ, ತಾನೇ ಪರಿಹರಿಸಿಕೊಳ್ಳುವುದೇ ಅಲ್ಲಿಯ ಪ್ರಶ್ನೆ. ಮನುಷ್ಯನು ಕೈಯಿಡದೆ ಯಂತ್ರವು ಗಂಟೆಗಟ್ಟಲೆ ದುಡಿಯಿತು. ಇಲ್ಲಿ ನೆಲವು ಮಂಗಳದಂತಿರಬೇಕಾದ ಅಗತ್ಯವೇ ಇಲ್ಲ; ನೆಲವು ಮುಂದಾಗಿ ತಿಳಿಯದಂಥದಾಗಿದ್ದರೆ ಸಾಕು. ಪ್ರಯೋಗಶಾಲೆಯಲ್ಲಿ ಮಣ್ಣನ್ನು ತುಂಬಿದವನಿಗೆ ಕೆಳಗೇನಿದೆಯೆಂದು ತಿಳಿದಿರುವುದು. ಮರುಭೂಮಿಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಈ ಅಜ್ಞಾತತ್ವವೇ ಮರುಭೂಮಿಗೂ ಮಂಗಳಕ್ಕೂ ಇರುವ ಮುಖ್ಯವಾದ ಸಾಧಾರಣಧರ್ಮ. "ಮಂಗಳಸದೃಶ"ವೆಂಬ ಮಾತಿನಲ್ಲಿ ಅದಕ್ಕೆ ಸ್ಥಳವಿಲ್ಲದಿರುವುದು ವಿಚಿತ್ರ.

ಎರಡನೆಯ ಫಲವು ಜೀವಶೋಧನೆಗೆ ಸಂಬಂಧಿಸಿದುದು. ೨೦೧೩ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಜೋಯಿ ಎಂಬ ಸಂಚಾರಿಯಂತ್ರವು ಅಟಕಾಮದಲ್ಲಿ ತಾನಾಗಿಯೇ ತಿರುಗಾಡಿ, ೮೦ ಸೆಂಟಿಮೀಟರಿನವರೆಗೆ ಕೊರೆದು ಮಾದರಿಗಳನ್ನು ತೆಗೆಯಿತು. ೨೦೧೯ರಲ್ಲಿ ಪ್ರಕಟವಾದ ಅದರ ಪರಿಶೀಲನೆಯಿಂದ, ನೆಲದೊಳಗಣ ಸೂಕ್ಷ್ಮಜೀವಿಗಳು ಎಲ್ಲೆಡೆಯೂ ಸಮವಾಗಿ ಹರಡಿರದೆ, ಮಣ್ಣಿನ ಲವಣ ತೇವಗಳಿಗನುಗುಣವಾಗಿ ತುಣುಕುತುಣುಕಾಗಿ ನೆಲೆಸಿರುವುವೆಂದು ತಿಳಿದುಬಂದಿತು. ೨೦೧೬ರಿಂದ ೨೦೧೯ರವರೆಗೆ ಅದೇ ಮರುಭೂಮಿಯಲ್ಲಿ ನಡೆದ ಅರಾಡ್ಸ್ ಎಂಬ ಯೋಜನೆಯಲ್ಲಿ, ೨ ಮೀಟರಿನ ಬೈರಿಗೆಯನ್ನೂ ಜೀವಚಿಹ್ನೆಗಳನ್ನು ಹುಡುಕುವ ಉಪಕರಣಗಳನ್ನೂ ಒಂದೇ ಸಂಚಾರಿಯಂತ್ರದ ಮೇಲೆ ಹೊರಿಸಿ, ಕೊರೆದ ಪುಡಿಯನ್ನು ಯಂತ್ರದ ತೋಳು ಉಪಕರಣಕ್ಕೆ ಒಯ್ದು ಹಾಕುವವರೆಗಿನ ಕ್ರಮವೆಲ್ಲವನ್ನೂ ಪರೀಕ್ಷಿಸಿದರು. ಜೀವವು ಅತ್ಯಲ್ಪವಾಗಿರುವ ನೆಲದಲ್ಲಿ ಕೊರೆಯುವವನ ಬೆರಳಿನ ಸೋಂಕೇ ದೊಡ್ಡ ಆವಿಷ್ಕಾರವಾಗಿ ಕಾಣಿಸಬಹುದು. ಬೈರಿಗೆಯನ್ನು ಶುದ್ಧಿಮಾಡುವುದು, ಒಂದು ಮಾದರಿಯ ಶೇಷವು ಇನ್ನೊಂದಕ್ಕೆ ಸೇರದಂತೆ ನೋಡುವುದು, ಈ ಅಭ್ಯಾಸಗಳನ್ನು ಕಲಿಯಲು ಅಟಕಾಮಕ್ಕಿಂತ ಯೋಗ್ಯವಾದ ಶಾಲೆಯು ದುರ್ಲಭ.

ಇಲ್ಲಿ ಪ್ರತಿಪಕ್ಷದವರ ಮಾತನ್ನೂ ಕೇಳಬೇಕು. ಕ್ಷೇತ್ರಕಾರ್ಯದಲ್ಲಿ ನುರಿತವರು, "ಮರುಭೂಮಿಯೇ ಮಂಗಳವೆಂದು ಯಾರೂ ಹೇಳಿಲ್ಲ, ಸದೃಶವೆಂಬ ಮಾತು ಸಂಕೇತಮಾತ್ರ" ಎನ್ನಬಹುದು. ಬಲ್ಲವರಲ್ಲಿ ಅದು ಸಂಕೇತವೇ ಸರಿ. ಆದರೆ ವರದಿಯು ಬಲ್ಲವರಲ್ಲಿಯೇ ನಿಲ್ಲುವುದಿಲ್ಲ. ಧನವನ್ನು ಮಂಜೂರುಮಾಡುವವರೂ, ಮುಂದಿನ ಯಂತ್ರವನ್ನು ರಚಿಸುವ ಕಿರಿಯರೂ ಅದನ್ನು ಓದುವರು. ಅವರ ಕಿವಿಗೆ ಸಂಕೇತವು ಪ್ರಮಾಣವಾಗಿ ಕೇಳಿಸುವುದು. ಮತ್ತೊಂದು ಅಂಶವೂ ಉಂಟು. ಮರುಭೂಮಿಯಲ್ಲಿ ಯಂತ್ರದ ಪಕ್ಕದಲ್ಲಿ ಮನುಷ್ಯನಿರುವನು. ಸಡಿಲವಾದ ತಿರುಪನ್ನು ಬಿಗಿಮಾಡುವುದು, ಸಿಕ್ಕ ದಂಡವನ್ನು ತಟ್ಟಿ ಬಿಡಿಸುವುದು ಅವನಿಗೆ ಸಹಜ. ೨೦೧೬ರ ಡಿಸೆಂಬರಿನಲ್ಲಿ ಕ್ಯೂರಿಯಾಸಿಟಿಯ ಬೈರಿಗೆಯನ್ನು ಮುಂದೂಡುವ ಭಾಗವು ಕೆಟ್ಟಾಗ ಅದನ್ನು ತಟ್ಟುವವರು ಯಾರೂ ಅಲ್ಲಿರಲಿಲ್ಲ. ತೋಳಿನಿಂದಲೇ ಒತ್ತಿ ಕೊರೆಯುವ ಹೊಸ ಕ್ರಮವನ್ನು ಭೂಮಿಯಲ್ಲಿ ರೂಪಿಸಿ, ಮತ್ತೆ ಒಂದು ಮಾದರಿಯನ್ನು ತೆಗೆಯುವಷ್ಟರಲ್ಲಿ ೨೦೧೮ರ ಮೇ ತಿಂಗಳು ಬಂದಿದ್ದಿತು. ಆದಕಾರಣ ಪ್ರತಿಯೊಂದು ಕ್ಷೇತ್ರಪರೀಕ್ಷೆಯ ವರದಿಯಲ್ಲಿ ತಲಪಿದ ಆಳದೊಡನೆಯೇ, ಮನುಷ್ಯನ ಕೈ ಎಷ್ಟು ಸಲ ಯಂತ್ರವನ್ನು ಮುಟ್ಟಿತೆಂಬ ಲೆಕ್ಕವೂ ಇರತಕ್ಕದ್ದು. ಮೊದಲನೆಯ ಲೆಕ್ಕಕ್ಕಿಂತ ಎರಡನೆಯದರಿಂದಲೇ ಮಂಗಳದ ವಿಷಯವಾಗಿ ಹೆಚ್ಚು ತಿಳಿಯುವುದು.

ಪರಿಹಾರವೂ ಆಲಂಕಾರಿಕರಲ್ಲಿಯೇ ದೊರೆಯುವುದು. ಒಂದು ಉಪಮೇಯಕ್ಕೆ ಅನೇಕ ಉಪಮಾನಗಳನ್ನು ಕೊಡುವುದನ್ನು ಮಾಲೋಪಮೆಯೆನ್ನುವರು; ಅಲ್ಲಿ ಒಂದೊಂದು ಉಪಮಾನವೂ ಒಂದೊಂದು ಧರ್ಮವನ್ನು ಹೊರಬಹುದು. ಭಾರತದ ಬಾಹ್ಯಾಕಾಶಸಂಸ್ಥೆಯು ಚಂದ್ರಯಾನಕ್ಕಾಗಿ ಅನುಸರಿಸಿದ ಕ್ರಮವು ಇದಕ್ಕೆ ಸಮೀಪದ ನಿದರ್ಶನ. ಚಂದ್ರನ ಮಣ್ಣಿಗೆ ಬದಲಾಗಿ ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಕಲ್ಲನ್ನು ಪುಡಿಮಾಡಿ ಉಪಯೋಗಿಸಿದರು. ಇಳಿಯುವ ಯಂತ್ರದ ಕಣ್ಣುಗಳನ್ನು ಪರೀಕ್ಷಿಸಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಕೃತಕವಾದ ಕುಳಿಗಳನ್ನು ತೋಡಿ, ಅವುಗಳ ಮೇಲೆ ವಿಮಾನವನ್ನು ಹಾರಿಸಿದರು. ಒಂದರ ಧರ್ಮವು ಮಣ್ಣಿನ ದ್ರವ್ಯ, ಇನ್ನೊಂದರದು ಮೇಲಿನಿಂದ ಕಾಣುವ ಆಕಾರ. ಚಳ್ಳಕೆರೆಯ ನೆಲವು ಚಂದ್ರನಂತಿದೆಯೆಂದು ಹೇಳುವ ಪ್ರಸಂಗವೇ ಬರಲಿಲ್ಲ. ೨೦೨೩ರ ಆಗಸ್ಟಿನಲ್ಲಿ ಚಂದ್ರಯಾನ ೩ರ ಉಷ್ಣಶಲಾಕೆಯು ಚಂದ್ರನ ನೆಲದೊಳಕ್ಕೆ ೧೦ ಸೆಂಟಿಮೀಟರಿನವರೆಗಿನ ತಾಪವನ್ನು ಅಳೆಯಲು ಇಳಿಯಿತು; ಚಂದ್ರನ ಮಣ್ಣನ್ನು ತರತಕ್ಕ ಚಂದ್ರಯಾನ ೪ಕ್ಕೆ ೨೦೨೪ರ ಸೆಪ್ಟೆಂಬರಿನಲ್ಲಿ ಕೇಂದ್ರಸರ್ಕಾರದ ಅನುಮೋದನೆ ದೊರೆತಿದೆ. ಗ್ರಹಗಳನ್ನು ಕೊರೆಯುವ ಯಂತ್ರಗಳಿಗೂ ಹೀಗೆಯೇ ಲವಣಕ್ಕೆ ಅಟಕಾಮ, ಹಿಮದ ಪದರಕ್ಕೆ ಒಣಕಣಿವೆ, ವಾಯುವಿನ ಒತ್ತಡಕ್ಕೆ ಕೋಷ್ಠ, ಅಜ್ಞಾತವಾದ ನೆಲಕ್ಕೆ ಯಾವುದಾದರೊಂದು ಮರುಭೂಮಿ ಎಂದು ಧರ್ಮವನ್ನು ಹಂಚಿಹಾಕಿ, ಯಾವುದೂ ಹೊರದೆ ಉಳಿದ ಧರ್ಮವು ಇಂಥದೆಂದು ಕೊನೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಹೆಗ್ಗಣದ ವಿಷಯದಲ್ಲಿ ಮಣ್ಣಿನ ಅಂಟುತನವು ಹಾಗೆ ಉಳಿದುಹೋದ ಧರ್ಮ.

ಈ ಎಚ್ಚರವು ಪದಗಳ ಶುದ್ಧಿಗಾಗಿ ಮಾತ್ರ ಬೇಕಾದುದಲ್ಲ. ೨೦೨೩ರಲ್ಲಿ "ನೇಚರ್ ಕಮ್ಯೂನಿಕೇಶನ್ಸ್" ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಅಟಕಾಮದ ರೆಡ್ ಸ್ಟೋನ್ ಎಂಬ ಪುರಾತನ ನದೀಮುಖದ ಕಲ್ಲುಗಳನ್ನು ಮಂಗಳದಲ್ಲಿರುವ ಮತ್ತು ಅಲ್ಲಿಗೆ ಹೋಗಲಿರುವ ಉಪಕರಣಗಳಂಥವುಗಳಿಂದಲೇ ಪರೀಕ್ಷಿಸಿದರು. ಜೀವವಿರುವುದು ಖಂಡಿತವಾಗಿ ತಿಳಿದಿದ್ದ ಆ ಕಲ್ಲುಗಳಲ್ಲಿಯೇ ಅದರ ಚಿಹ್ನೆಯನ್ನು ಕಾಣುವುದು ಆ ಉಪಕರಣಗಳಿಗೆ ಅತಿಕಷ್ಟವಾಯಿತು. ಮುಂದೊಂದು ದಿನ ಮಂಗಳದ ಎರಡು ಮೀಟರಿನ ರಂಧ್ರದಿಂದ "ಇಲ್ಲ" ಎಂಬ ಉತ್ತರ ಬರಬಹುದು. ಆಗ, ಜೀವವೇ ಇಲ್ಲವೋ, ಇದ್ದುದು ಕಾಣಲಿಲ್ಲವೋ, ಬೈರಿಗೆಯು ತಲಪಬೇಕಾದ ಪದರವನ್ನು ತಲಪಲಿಲ್ಲವೋ ಎಂಬ ಸಂದೇಹವು ಹುಟ್ಟುವುದು. ಅನೇಕ ವರ್ಷಗಳ ದುಡಿಮೆಯೂ ಅಪಾರವಾದ ದ್ರವ್ಯವೂ ಆ ಒಂದು ಸಂದೇಹದಲ್ಲಿ ಮುಳುಗಬಹುದು. ಅದನ್ನು ನಿವಾರಿಸುವ ಸಾಮಗ್ರಿಯು, ಇದ್ದರೆ, ಇಂದಿನ ಮರುಭೂಮಿಯ ದಿನಚರಿಗಳಲ್ಲಿಯೇ ಇರಬೇಕು. ಅಟಕಾಮವು ಎಷ್ಟರಮಟ್ಟಿಗೆ ಮಂಗಳದಂತಿದೆಯೆಂಬುದಕ್ಕಿಂತ, ಎಲ್ಲೆಲ್ಲಿ ಹಾಗಿಲ್ಲವೆಂಬುದನ್ನು ಆ ದಿನಚರಿಗಳು ಎಷ್ಟು ಪ್ರಾಮಾಣಿಕವಾಗಿ ಹೇಳುವುವೋ ಅಷ್ಟರಮಟ್ಟಿಗೆ ಅವು ಆ ದಿನ ಉಪಯೋಗಕ್ಕೆ ಬರುವುವು.